ಮೇರಿ ರೆನಾಲ್ಟ್

ಮೇರಿ ರೆನಾಲ್ಟ್ (4 ಸೆಪ್ಟೆಂಬರ್ 1905 – 13 ಡಿಸೆಂಬರ್ 1983) ಇಂಗ್ಲೆಂಡಿನಲ್ಲಿ ಜನಿಸಿ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಇಂಗ್ಲಿಷ್ ಕಾದಂಬರಿಕಾರ್ತಿ. ಇವರ ಮೂಲ ಹೆಸರು ಐಲೀನ್ ಮೇರಿ ಚಾಲನ್ಸ್. ಪ್ರಾಚೀನ ಗ್ರೀಸ್ ಹಾಗೂ ಮ್ಯಾಸಿಡೋನಿಯಾಗಳ ಹಿನ್ನೆಲೆಯಲ್ಲಿ ರಚಿಸಿದ ಎಂಟು ಐತಿಹಾಸಿಕ ಕಾದಂಬರಿಗಳಿಂದ ಇವರು ಪ್ರಸಿದ್ಧರಾಗಿದ್ದಾರೆ. ಥೀಸಿಯಸ್, ಸಾಕ್ರಟೀಸ್, ಪ್ಲೇಟೊ, ಅಲೆಕ್ಸಾಂಡರ್ ಮೊದಲಾದವರು ಈ ಕಾದಂಬರಿಗಳಲ್ಲಿ ಪಾತ್ರಗಳಾಗಿ ಬರುತ್ತಾರೆ. ಪುರುಷರ ನಡುವಣ ಪ್ರೇಮವನ್ನು ಮರೆಮಾಚದೆ, ಅದನ್ನು ರೋಗವೆಂದೋ ಅಪರಾಧವೆಂದೋ ತೋರಿಸದೆ, ಆ ಕಾಲದ ಬದುಕಿನ ಸಹಜ ಅಂಗವಾಗಿ ಚಿತ್ರಿಸಿದ್ದು ಇವರ ಬರವಣಿಗೆಯ ಮುಖ್ಯ ಲಕ್ಷಣ. ಇತಿಹಾಸದ ಆಕರಗಳು ಅರ್ಧದಲ್ಲೇ ನಿಂತುಬಿಡುವ ಕಡೆ ಕಾದಂಬರಿಕಾರರು ಎಷ್ಟರಮಟ್ಟಿಗೆ ಊಹಿಸಬಹುದು ಎಂಬ ಚರ್ಚೆಯಲ್ಲಿ ಇವರ ಕೃತಿಗಳು ಇಂದಿಗೂ ಉಲ್ಲೇಖಗೊಳ್ಳುತ್ತವೆ.

ಜನನ ಮತ್ತು ಶಿಕ್ಷಣ

ರೆನಾಲ್ಟ್ ಅವರು ಅಂದು ಎಸೆಕ್ಸ್ ಪ್ರಾಂತಕ್ಕೆ ಸೇರಿದ್ದು, ಈಗ ಲಂಡನ್ ನಗರದ ಭಾಗವಾಗಿರುವ ಫಾರೆಸ್ಟ್ ಗೇಟ್ ಎಂಬಲ್ಲಿ ಜನಿಸಿದರು. ತಂದೆ ಫ್ರಾಂಕ್ ಚಾಲನ್ಸ್ ವೈದ್ಯರು; ತಾಯಿ ಕ್ಲೆಮೆಂಟೈನ್. ಇವರಿಗೆ ಜಾಯ್ಸ್ ಎಂಬ ತಂಗಿಯಿದ್ದಳು. ತಂದೆತಾಯಿಯರ ದಾಂಪತ್ಯ ಸಾಮರಸ್ಯದಿಂದ ಕೂಡಿರಲಿಲ್ಲ. ಮುಂದೆ ಇವರು ಬರೆದ ಕಾದಂಬರಿಗಳಲ್ಲಿ ಪರಸ್ಪರ ಹೊಂದದ ತಂದೆತಾಯಿಯರ ನಡುವೆ ಬೆಳೆಯುವ ಮಕ್ಕಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಅಲೆಕ್ಸಾಂಡರನ ಬಾಲ್ಯವನ್ನು ಕುರಿತ ಕಾದಂಬರಿಯಲ್ಲಿ ದೊರೆ ಫಿಲಿಪ್ ಮತ್ತು ರಾಣಿ ಒಲಿಂಪಿಯಾಸರ ಕಲಹಕ್ಕೆ ದೊರೆತ ಸ್ಥಾನವನ್ನು ವಿಮರ್ಶಕರು ಈ ಹಿನ್ನೆಲೆಯೊಂದಿಗೆ ಜೋಡಿಸಿ ನೋಡಿದ್ದಾರೆ.

ಬ್ರಿಸ್ಟಲ್ ನಗರದ ಕ್ಲಿಫ್ಟನ್‌ನ ಶಾಲೆಯೊಂದರಲ್ಲಿ ಓದುತ್ತಿದ್ದಾಗಲೇ ಇವರಿಗೆ ಪ್ಲೇಟೊನ ಸಂವಾದಗಳ ಪರಿಚಯವಾಯಿತು. ನಂತರ ಆಕ್ಸ್‌ಫರ್ಡ್‌ನ ಸೇಂಟ್ ಹ್ಯೂಸ್ ಕಾಲೇಜನ್ನು ಸೇರಿ, 1928ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದರು. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ಕ್ರೀಟ್ ದ್ವೀಪದ ಪ್ರಾಚೀನ ಮಿನೋವನ್ ನಾಗರಿಕತೆಗೆ ಸಂಬಂಧಿಸಿದ ವಸ್ತುಗಳಿದ್ದವು. ಕ್ನೋಸೋಸ್ ಅರಮನೆಯನ್ನು ಉತ್ಖನನ ಮಾಡಿದ ಆರ್ಥರ್ ಇವಾನ್ಸ್ ಅದೇ ಸಂಗ್ರಹಾಲಯದ ಮುಖ್ಯಸ್ಥರಾಗಿದ್ದವರು. ಗೂಳಿಯ ಬೆನ್ನ ಮೇಲಿಂದ ಜಿಗಿಯುವ ಯುವಕರ ಚಿತ್ರಗಳು ಸುಮಾರು ಮೂವತ್ತು ವರ್ಷಗಳ ನಂತರ ಇವರ ಥೀಸಿಯಸ್ ಕಾದಂಬರಿಯಲ್ಲಿ ಜೀವ ತಳೆದವು. ಮಧ್ಯಯುಗದ ಹಿನ್ನೆಲೆಯಲ್ಲಿ ಇವರು ಬರೆಯಲು ತೊಡಗಿದ್ದ ಮೊದಲ ಕಾದಂಬರಿ ಮಾತ್ರ ತೃಪ್ತಿ ಕೊಡದೆ, ಅದರ ಹಸ್ತಪ್ರತಿಯನ್ನು ಇವರೇ ನಾಶಪಡಿಸಿದರು.

ದಾದಿ ವೃತ್ತಿ ಮತ್ತು ಜೂಲಿ ಮುಲ್ಲಾರ್ಡ್

1933ರಲ್ಲಿ ರೆನಾಲ್ಟ್ ಅವರು ಆಕ್ಸ್‌ಫರ್ಡ್‌ನ ರಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ದಾದಿಯಾಗಿ ತರಬೇತಿ ಪಡೆಯಲು ಸೇರಿದರು. ಅಲ್ಲಿಯೇ ತರಬೇತಿಯಲ್ಲಿದ್ದ ಜೂಲಿ ಮುಲ್ಲಾರ್ಡ್ ಅವರ ಪರಿಚಯವಾಗಿ, ಅದು ಜೀವನದುದ್ದಕ್ಕೂ ಬಾಳಿದ ಸಾಂಗತ್ಯವಾಯಿತು. ಇಬ್ಬರೂ ಸುಮಾರು ಐದು ದಶಕಗಳ ಕಾಲ, ರೆನಾಲ್ಟ್ ಅವರ ಮರಣದವರೆಗೂ, ಜೊತೆಯಾಗಿದ್ದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವರು ದಾದಿ ವೃತ್ತಿಗೆ ಮರಳಿದರು. 1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್ ತೀರದಿಂದ ಬ್ರಿಟಿಷ್ ಸೈನ್ಯವನ್ನು ತೆರವುಗೊಳಿಸಿದಾಗ, ಗಾಯಗೊಂಡು ಬಂದ ಸೈನಿಕರನ್ನು ಬ್ರಿಸ್ಟಲ್ ಸಮೀಪದ ವಿನ್‌ಫರ್ಡ್ ತುರ್ತು ಆಸ್ಪತ್ರೆಯಲ್ಲಿ ಉಪಚರಿಸಿದರು. ನಂತರ 1945ರವರೆಗೆ ರಾಡ್‌ಕ್ಲಿಫ್ ಆಸ್ಪತ್ರೆಯ ಮೆದುಳು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದರು. ಗಾಯ, ನೋವು, ಸಾವುಗಳನ್ನು ಹತ್ತಿರದಿಂದ ಕಂಡ ಈ ಅನುಭವದ ಗುರುತು ಇವರ ಯುದ್ಧವರ್ಣನೆಗಳಲ್ಲಿ ಸ್ಪಷ್ಟವಾಗಿದೆ. ಇವರ ಕಾದಂಬರಿಗಳಲ್ಲಿ ಯೋಧರ ಪರಾಕ್ರಮದಷ್ಟೇ ಅವರ ದೇಹದ ನೋವಿಗೂ ಜಾಗವಿದೆ.

ಆರಂಭದ ಕಾದಂಬರಿಗಳು

ಆಸ್ಪತ್ರೆಯ ಜೀವನವನ್ನು ಆಧರಿಸಿದ ಮೊದಲ ಕಾದಂಬರಿ 'ಪರ್ಪಸಸ್ ಆಫ್ ಲವ್' 1939ರಲ್ಲಿ ಮೇರಿ ರೆನಾಲ್ಟ್ ಎಂಬ ಕಾವ್ಯನಾಮದಲ್ಲಿ ಪ್ರಕಟವಾಯಿತು. 1944ರಲ್ಲಿ ಪ್ರಕಟವಾದ 'ದಿ ಫ್ರೆಂಡ್ಲಿ ಯಂಗ್ ಲೇಡೀಸ್' ದೋಣಿಮನೆಯೊಂದರಲ್ಲಿ ಜೊತೆಯಾಗಿ ಬಾಳುವ ಲಿಯೊ ಮತ್ತು ಹೆಲೆನ್ ಎಂಬ ಇಬ್ಬರು ಮಹಿಳೆಯರ ಕಥೆ. ಅದಕ್ಕೂ ಹದಿನಾರು ವರ್ಷ ಮೊದಲು, 1928ರಲ್ಲಿ, ಸ್ತ್ರೀಯರ ನಡುವಣ ಪ್ರೇಮವನ್ನು ವಸ್ತುವಾಗಿಸಿಕೊಂಡ ರ‍್ಯಾಡ್‌ಕ್ಲಿಫ್ ಹಾಲ್ ಅವರ 'ದಿ ವೆಲ್ ಆಫ್ ಲೋನ್ಲಿನೆಸ್' ಕಾದಂಬರಿಯನ್ನು ಅಶ್ಲೀಲವೆಂದು ಘೋಷಿಸಿ ಅದರ ಪ್ರತಿಗಳನ್ನು ನಾಶಪಡಿಸುವಂತೆ ಇಂಗ್ಲೆಂಡಿನ ನ್ಯಾಯಾಲಯ ಆದೇಶಿಸಿತ್ತು. ಹಾಲ್ ಅವರ ಕೃತಿಯ ದುಃಖಮಯ ಧಾಟಿಯನ್ನು ರೆನಾಲ್ಟ್ ಒಪ್ಪುತ್ತಿರಲಿಲ್ಲ. ತಮ್ಮ ಕಾದಂಬರಿಯಲ್ಲಿ ಅವರು ಲಘುವಾದ, ಹಾಸ್ಯಮಿಶ್ರಿತವಾದ ನಿರೂಪಣೆಯನ್ನು ಆರಿಸಿಕೊಂಡರು.

1947ರಲ್ಲಿ ಪ್ರಕಟವಾದ 'ರಿಟರ್ನ್ ಟು ನೈಟ್' ಕಾದಂಬರಿಗೆ ಅಮೆರಿಕದ ಚಲನಚಿತ್ರ ಸಂಸ್ಥೆ ಎಂಜಿಎಂ ಏರ್ಪಡಿಸಿದ್ದ 1,50,000 ಡಾಲರ್ ಮೊತ್ತದ ಬಹುಮಾನ ದೊರೆಯಿತು. ಚಲನಚಿತ್ರ ತಯಾರಾಗಲಿಲ್ಲ. ಆದರೆ ಈ ಹಣದಿಂದ ರೆನಾಲ್ಟ್ ಮತ್ತು ಮುಲ್ಲಾರ್ಡ್ ಅವರಿಗೆ ಇಂಗ್ಲೆಂಡನ್ನು ಬಿಟ್ಟು ಹೊಸ ಬದುಕು ಕಟ್ಟಿಕೊಳ್ಳಲು ಸಾಧ್ಯವಾಯಿತು.

ದಕ್ಷಿಣ ಆಫ್ರಿಕಾದಲ್ಲಿ

1948ರಲ್ಲಿ ಇಬ್ಬರೂ ದಕ್ಷಿಣ ಆಫ್ರಿಕಾದ ಡರ್ಬನ್ ನಗರಕ್ಕೆ ತೆರಳಿದರು. ನಂತರ ಕೇಪ್‌ಟೌನ್ ನಗರದ ಕಡಲತೀರದ ಬಡಾವಣೆಯಾದ ಕ್ಯಾಂಪ್ಸ್ ಬೇಯಲ್ಲಿ ನೆಲೆಸಿ, ತಮ್ಮ ಮನೆಗೆ ಅಪೊಲೊ ದೇವತೆಯ ಜನ್ಮಸ್ಥಳವೆಂದು ಗ್ರೀಕರು ನಂಬಿದ್ದ ದ್ವೀಪದ ಹೆಸರನ್ನಿಟ್ಟು 'ಡೆಲೊಸ್' ಎಂದು ಕರೆದರು. ರೆನಾಲ್ಟ್ ಗ್ರೀಸ್ ದೇಶದಲ್ಲಿ ಪ್ರವಾಸ ಮಾಡಿದರಾದರೂ ಇಂಗ್ಲೆಂಡಿಗೆ ಮತ್ತೆಂದೂ ಹಿಂದಿರುಗಲಿಲ್ಲ.

ಇವರು ಅಲ್ಲಿಗೆ ಹೋದ ವರ್ಷವೇ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ವರ್ಣಭೇದ ನೀತಿಯನ್ನು ಕಾನೂನಾಗಿ ಜಾರಿಗೊಳಿಸತೊಡಗಿತು. 1955ರಲ್ಲಿ ಸ್ಥಾಪನೆಯಾದ 'ಬ್ಲ್ಯಾಕ್ ಸ್ಯಾಶ್' ಎಂಬ ಮಹಿಳಾ ಸಂಘಟನೆಯು ಈ ನೀತಿಯ ವಿರುದ್ಧ ನಡೆಸಿದ ಪ್ರತಿಭಟನೆಗಳಲ್ಲಿ ರೆನಾಲ್ಟ್ ಪಾಲ್ಗೊಂಡರು. ಬರಹಗಾರರ ಅಂತರರಾಷ್ಟ್ರೀಯ ಸಂಘಟನೆಯಾದ ಪೆನ್‌ನ ದಕ್ಷಿಣ ಆಫ್ರಿಕಾ ಶಾಖೆಯಲ್ಲಿಯೂ ಸಕ್ರಿಯರಾಗಿದ್ದರು.

'ದಿ ಚಾರಿಯಟೀರ್' (1953)

ಈ ಕಾದಂಬರಿ ರೆನಾಲ್ಟ್ ಅವರ ಸಾಹಿತ್ಯಜೀವನದ ತಿರುವು. ಡನ್‌ಕರ್ಕ್‌ನಲ್ಲಿ ಕಾಲಿಗೆ ಗಾಯವಾಗಿ ಆಸ್ಪತ್ರೆಯಲ್ಲಿರುವ ಲಾರಿ ಓಡೆಲ್ ಎಂಬ ಯುವ ಸೈನಿಕ ಇದರ ನಾಯಕ. ಆತ್ಮಸಾಕ್ಷಿಯ ಕಾರಣಕ್ಕೆ ಶಸ್ತ್ರ ಹಿಡಿಯಲೊಪ್ಪದೆ ಆಸ್ಪತ್ರೆಯ ಕೆಲಸಕ್ಕೆ ಬಂದಿರುವ ಆಂಡ್ರ್ಯೂ ಹಾಗೂ ನೌಕಾಪಡೆಯಲ್ಲಿದ್ದ ರಾಲ್ಫ್ ಇವರಿಬ್ಬರ ಕಡೆಗಿನ ಲಾರಿಯ ಪ್ರೇಮ ಇದರ ವಸ್ತು. ಪ್ಲೇಟೊನ 'ಫೀಡ್ರಸ್' ಸಂವಾದದಲ್ಲಿ ಆತ್ಮವನ್ನು ಭಿನ್ನ ಸ್ವಭಾವದ ಎರಡು ಕುದುರೆಗಳನ್ನು ಹೂಡಿದ ರಥದ ಸಾರಥಿಗೆ ಹೋಲಿಸಲಾಗಿದೆ. ಕಾದಂಬರಿಯ ಶೀರ್ಷಿಕೆಯ ಮೂಲ ಅದೇ.

ಕೃತಿ ಪ್ರಕಟವಾದಾಗ ಇಂಗ್ಲೆಂಡಿನಲ್ಲಿ ಪುರುಷರ ನಡುವಣ ಲೈಂಗಿಕ ಸಂಬಂಧ ಶಿಕ್ಷಾರ್ಹ ಅಪರಾಧವಾಗಿತ್ತು. ಅದೇ ವರ್ಷ ಪ್ರಸಿದ್ಧ ನಟ ಜಾನ್ ಗೀಲ್‌ಗುಡ್ ಬಂಧನಕ್ಕೊಳಗಾದ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತ್ತು. ಕಾನೂನನ್ನು ಸಡಿಲಗೊಳಿಸಬೇಕೆಂದು ವೋಲ್ಫೆಂಡನ್ ಸಮಿತಿ ಶಿಫಾರಸು ಮಾಡಿದ್ದು 1957ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕಾನೂನು ಬದಲಾದದ್ದು 1967ರಲ್ಲಿ. ಭಾರತದ ಓದುಗರಿಗೆ 'ಎ ಪ್ಯಾಸೇಜ್ ಟು ಇಂಡಿಯಾ' ಕೃತಿಯಿಂದ ಪರಿಚಿತರಾದ ಇ. ಎಂ. ಫಾರ್ಸ್ಟರ್ ಇದೇ ಬಗೆಯ ವಸ್ತುವುಳ್ಳ 'ಮಾರಿಸ್' ಕಾದಂಬರಿಯನ್ನು 1914ರ ವೇಳೆಗೆ ಬರೆದು ಮುಗಿಸಿದ್ದರೂ ಬದುಕಿರುವತನಕ ಪ್ರಕಟಿಸಲಿಲ್ಲ. ಅದು ಬೆಳಕು ಕಂಡದ್ದು ಅವರ ಮರಣಾನಂತರ, 1971ರಲ್ಲಿ. ಇಂಥ ವಾತಾವರಣದಲ್ಲಿ 'ದಿ ಚಾರಿಯಟೀರ್' ಲಂಡನ್ನಿನಲ್ಲಿ ಪ್ರಕಟವಾಯಿತಾದರೂ ರೆನಾಲ್ಟ್ ಅವರ ಅಮೆರಿಕದ ಪ್ರಕಾಶಕರು ಅದನ್ನು ನಿರಾಕರಿಸಿದರು. ಆ ದೇಶದಲ್ಲಿ ಅದು 1959ರಲ್ಲಷ್ಟೇ ಹೊರಬಂದಿತು.

ಇದರ ನಂತರ ರೆನಾಲ್ಟ್ ಸಮಕಾಲೀನ ಜೀವನವನ್ನು ಕುರಿತು ಕಾದಂಬರಿ ಬರೆಯಲಿಲ್ಲ. ಪುರುಷರ ನಡುವಣ ಪ್ರೇಮ ಅಪರಾಧವಲ್ಲದಿದ್ದ, ಅದನ್ನು ಕುರಿತು ತತ್ತ್ವಜ್ಞಾನಿಗಳು ಬಹಿರಂಗವಾಗಿ ಚರ್ಚಿಸುತ್ತಿದ್ದ ಪ್ರಾಚೀನ ಗ್ರೀಸ್ ಅವರ ಮುಂದಿನ ಕೃತಿಗಳ ನೆಲೆಯಾಯಿತು.

ಆಕರಗಳ ಸ್ವರೂಪ

ಪ್ರಾಚೀನ ಗ್ರೀಸ್‌ನ ಪ್ರೇಮಜೀವನವನ್ನು ಚಿತ್ರಿಸಹೊರಟ ಕಾದಂಬರಿಕಾರ್ತಿಗೆ ಮೂರು ಬಗೆಯ ತೊಡಕುಗಳು ಎದುರಾದವು.

ಮೊದಲನೆಯದು ಮೂಲ ಗ್ರಂಥಗಳ ನಾಶ. ಅಲೆಕ್ಸಾಂಡರನ ಜೊತೆಯಲ್ಲಿದ್ದು ಕಣ್ಣಾರೆ ಕಂಡದ್ದನ್ನು ಬರೆದ ಟಾಲೆಮಿ, ಅರಿಸ್ಟೊಬುಲಸ್, ಕ್ಯಾಲಿಸ್ತೆನಿಸ್ ಮುಂತಾದವರ ಗ್ರಂಥಗಳು ಪೂರ್ಣವಾಗಿ ಉಳಿದಿಲ್ಲ. ಇಂದು ಲಭ್ಯವಿರುವ ಡಿಯೊಡೋರಸ್, ಕರ್ಟಿಯಸ್ ರೂಫಸ್, ಪ್ಲೂಟಾರ್ಕ್, ಅರಿಯನ್ ಮತ್ತು ಜಸ್ಟಿನ್ ಇವರ ಬರಹಗಳು ಅಲೆಕ್ಸಾಂಡರ್ ಸತ್ತು ಶತಮಾನಗಳು ಕಳೆದ ಮೇಲೆ ರಚಿತವಾದವು. ಕರ್ಟಿಯಸನ ಗ್ರಂಥದಲ್ಲಂತೂ ಮೊದಲ ಎರಡು ಭಾಗಗಳೇ ಕಳೆದುಹೋಗಿವೆ.

ಎರಡನೆಯದು ಅನುವಾದಕರ ಸಂಕೋಚ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯವನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದ ಲೋಯೆಬ್ ಗ್ರಂಥಮಾಲೆಯ ಕೆಲವು ಸಂಪುಟಗಳಲ್ಲಿ, ಅಶ್ಲೀಲವೆನಿಸಿದ ಗ್ರೀಕ್ ಪದ್ಯಗಳನ್ನು ಇಂಗ್ಲಿಷ್ ಬದಲು ಲ್ಯಾಟಿನ್ನಿಗೂ ಲ್ಯಾಟಿನ್ ಪದ್ಯಗಳನ್ನು ಇಟಾಲಿಯನ್ನಿಗೂ ಅನುವಾದಿಸಲಾಗಿತ್ತು. ಪಠ್ಯ ಕಣ್ಣೆದುರೇ ಇದ್ದರೂ ಸಾಮಾನ್ಯ ಓದುಗರ ಪಾಲಿಗೆ ಅದು ಇಲ್ಲದಂತೆಯೇ ಆಗಿತ್ತು.

ಮೂರನೆಯದು ಪರಿಭಾಷೆಯ ವ್ಯತ್ಯಾಸ. ಇಂದಿನ ಅರ್ಥದ ಸಲಿಂಗಕಾಮ ಎಂಬ ವರ್ಗ ಗ್ರೀಕರಲ್ಲಿ ಇರಲಿಲ್ಲ. ಆ ಅರ್ಥದ ಯುರೋಪಿಯನ್ ಪದ ಮೊದಲು ಅಚ್ಚಾದದ್ದೇ 1869ರಲ್ಲಿ. ಅಥೆನ್ಸ್‌ನಲ್ಲಿ ಹಿರಿಯ ಪ್ರೇಮಿ, ಕಿರಿಯ ಪ್ರಿಯ ಎಂಬ ಸ್ಥಾನಗಳಿಗೆ ಬೇರೆ ಬೇರೆ ಹೆಸರುಗಳೂ ಕಟ್ಟುಪಾಡುಗಳೂ ಇದ್ದವು, ಮತ್ತು ಅದೇ ಪುರುಷರು ಮದುವೆಯಾಗಿ ಮಕ್ಕಳನ್ನು ಪಡೆಯುವುದು ವಾಡಿಕೆಯಾಗಿತ್ತು. ಈ ವಿಷಯದಲ್ಲಿ ಪ್ರಮಾಣಗ್ರಂಥವೆನಿಸಿದ ಕೆನೆತ್ ಡೋವರ್ ಅವರ ಅಧ್ಯಯನ ಪ್ರಕಟವಾದದ್ದು 1978ರಲ್ಲಿ. ಅಷ್ಟರಲ್ಲಿ ರೆನಾಲ್ಟ್ ತಮ್ಮ ಬಹುಪಾಲು ಕಾದಂಬರಿಗಳನ್ನು ಬರೆದು ಮುಗಿಸಿದ್ದರು.

ರೆನಾಲ್ಟ್ ಅನುಸರಿಸಿದ ಕ್ರಮವನ್ನು ಅವರ ಕಾದಂಬರಿಗಳಿಂದಲೂ ಅವುಗಳ ಕೊನೆಗೆ ಸೇರಿಸಿರುವ ಲೇಖಕರ ಟಿಪ್ಪಣಿಗಳಿಂದಲೂ ತಿಳಿಯಬಹುದು. ಆಕರಗಳಲ್ಲಿ ದಾಖಲಾದ ಘಟನೆಗಳನ್ನು ಅವರು ಸಾಧ್ಯವಾದಷ್ಟು ಉಳಿಸಿಕೊಳ್ಳುತ್ತಾರೆ. ಆಕರಗಳು ಮೌನವಾಗಿರುವಲ್ಲಿ ಆ ಕಾಲದ ರೂಢಿ, ನಂಬಿಕೆ, ಪಾತ್ರದ ಸ್ವಭಾವಗಳಿಗೆ ಹೊಂದುವಂತೆ ಊಹಿಸುತ್ತಾರೆ. ಆಕರ ಯಾವುದು, ಕಲ್ಪನೆ ಯಾವುದು ಎಂಬುದನ್ನು ಟಿಪ್ಪಣಿಯಲ್ಲಿ ಓದುಗರಿಗೆ ತಿಳಿಸುತ್ತಾರೆ.

'ದಿ ಲಾಸ್ಟ್ ಆಫ್ ದಿ ವೈನ್' (1956)

ಇದು ಗ್ರೀಸ್ ಹಿನ್ನೆಲೆಯ ಮೊದಲ ಕಾದಂಬರಿ. ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವೆ ನಡೆದ ಪೆಲೊಪೊನೀಸಿಯನ್ ಯುದ್ಧದ (ಕ್ರಿ.ಪೂ. 431–404) ಕೊನೆಯ ವರ್ಷಗಳ ಅಥೆನ್ಸ್ ಇದರ ರಂಗಸ್ಥಳ. ಕಲ್ಪಿತ ಪಾತ್ರವಾದ ಅಲೆಕ್ಸಿಯಾಸ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಅವನ ಪ್ರೇಮಿ ಲೈಸಿಸ್‌ನ ಹೆಸರು ಪ್ಲೇಟೊನ ಸಂವಾದವೊಂದರಲ್ಲಿ ಬರುವ ಬಾಲಕನದು. ಸಿಸಿಲಿ ದಂಡಯಾತ್ರೆಯ ಸೋಲು, ಮುತ್ತಿಗೆಯ ಹಸಿವು, ಮೂವತ್ತು ಮಂದಿ ನಿರಂಕುಶಾಧಿಕಾರಿಗಳ ಆಳ್ವಿಕೆ, ಕ್ರಿ.ಪೂ. 403ರಲ್ಲಿ ಪ್ರಜಾಪ್ರಭುತ್ವದ ಮರುಸ್ಥಾಪನೆ ಇವೆಲ್ಲವುಗಳ ನಡುವೆ ಈ ಇಬ್ಬರು ಸಾಕ್ರಟೀಸನ ಶಿಷ್ಯರಾಗಿ, ಸಹಯೋಧರಾಗಿ ಬೆಳೆಯುತ್ತಾರೆ. ಅವರ ಪ್ರೇಮವನ್ನು ಸಮರ್ಥಿಸುವ ಗೋಜಿಗೆ ಕಾದಂಬರಿ ಹೋಗುವುದಿಲ್ಲ. ನಿರೂಪಕನ ಕಾಲಕ್ಕೆ ಅದಕ್ಕೆ ಸಮರ್ಥನೆಯ ಅಗತ್ಯವೇ ಇಲ್ಲವಾದ್ದರಿಂದ, ಅವನು ತನ್ನ ಓಟದ ಪಂದ್ಯ, ಯುದ್ಧ, ತಂದೆಯೊಂದಿಗಿನ ಮನಸ್ತಾಪಗಳನ್ನು ಹೇಳುವ ಧಾಟಿಯಲ್ಲಿಯೇ ಅದನ್ನೂ ಹೇಳುತ್ತಾನೆ.

ಫೀಡೊ ಎಂಬ ಪಾತ್ರದಲ್ಲಿ ರೆನಾಲ್ಟ್ ಅವರ ವಿಧಾನವನ್ನು ಗುರುತಿಸಬಹುದು. ಸಾಕ್ರಟೀಸನ ಶಿಷ್ಯನಾದ ಈತ ಎಲಿಸ್ ಪ್ರದೇಶದವನೆಂದೂ, ಯುದ್ಧದಲ್ಲಿ ಸೆರೆಸಿಕ್ಕಿ ವೇಶ್ಯಾಗೃಹಕ್ಕೆ ದೂಡಲ್ಪಟ್ಟನೆಂದೂ ಡಯೋಜೆನಿಸ್ ಲೇರ್ಟಿಯಸ್ ಎಂಬ ಪ್ರಾಚೀನ ಲೇಖಕ ಬರೆದಿದ್ದಾನೆ. ರೆನಾಲ್ಟ್ ಫೀಡೊನನ್ನು ಮೆಲೋಸ್ ದ್ವೀಪದವನನ್ನಾಗಿ ಮಾಡಿದರು. ಕ್ರಿ.ಪೂ. 416ರಲ್ಲಿ ಅಥೆನ್ಸ್ ಆ ದ್ವೀಪವನ್ನು ಗೆದ್ದು, ಪುರುಷರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿದ್ದು ಪ್ರಸಿದ್ಧ ಘಟನೆ. ಈ ಬದಲಾವಣೆಯಿಂದ, ಸಾಕ್ರಟೀಸನ ನಗರವೇ ಅವನ ಪ್ರಿಯ ಶಿಷ್ಯನನ್ನು ಗುಲಾಮಗಿರಿಗೆ ತಳ್ಳಿದ್ದೆಂಬ ಸತ್ಯವನ್ನು ಓದುಗರು ಎದುರಿಸಬೇಕಾಗುತ್ತದೆ.

ಅಲೆಕ್ಸಾಂಡರ್ ಕಾದಂಬರಿಗಳು

ಅಲೆಕ್ಸಾಂಡರನನ್ನು ಕುರಿತ ಮೂರು ಕಾದಂಬರಿಗಳು ರೆನಾಲ್ಟ್ ಅವರ ಅತ್ಯಂತ ಪ್ರಸಿದ್ಧ ಕೃತಿಗಳು. 'ಫೈರ್ ಫ್ರಮ್ ಹೆವನ್' (1969) ಅವನ ಬಾಲ್ಯದಿಂದ ಪಟ್ಟಾಭಿಷೇಕದವರೆಗಿನ ಕಾಲವನ್ನೂ, 'ದಿ ಪರ್ಷಿಯನ್ ಬಾಯ್' (1972) ಪರ್ಷಿಯಾ, ಮಧ್ಯ ಏಷ್ಯಾ ಹಾಗೂ ಭಾರತದ ದಂಡಯಾತ್ರೆಗಳನ್ನೂ, 'ಫ್ಯೂನರಲ್ ಗೇಮ್ಸ್' (1981) ಅವನ ಮರಣಾನಂತರದ ಅಧಿಕಾರ ಕಲಹವನ್ನೂ ನಿರೂಪಿಸುತ್ತವೆ. ಝೀಲಂ ನದಿಯ ದಡದಲ್ಲಿ ಪೋರಸ್ ದೊರೆಯೊಡನೆ ನಡೆದ ಕದನ, ಬಿಯಾಸ್ ನದಿಯ ಬಳಿ ಸೈನ್ಯ ಮುಂದುವರಿಯಲು ನಿರಾಕರಿಸಿದ್ದು, ಗ್ರೀಕರು ಕಲನಸ್ ಎಂದು ಕರೆದ ಭಾರತೀಯ ಸನ್ಯಾಸಿಯ ಅಗ್ನಿಪ್ರವೇಶ ಇವು ಎರಡನೆಯ ಕಾದಂಬರಿಯಲ್ಲಿ ಬರುತ್ತವೆ.

ಹೆಫೆಸ್ಟಿಯನ್: ಅಲೆಕ್ಸಾಂಡರ್ ಮತ್ತು ಅವನ ಆಪ್ತ ಹೆಫೆಸ್ಟಿಯನ್ ಪ್ರೇಮಿಗಳಾಗಿದ್ದರೆಂದು ಅವರ ಸಮಕಾಲೀನರು ಬರೆದ ಯಾವ ಸ್ಪಷ್ಟ ಹೇಳಿಕೆಯೂ ಉಳಿದಿಲ್ಲ. ಉಳಿದಿರುವುದು ಪರೋಕ್ಷ ಸುಳಿವುಗಳು. ಟ್ರಾಯ್ ನಗರದಲ್ಲಿ ಅಲೆಕ್ಸಾಂಡರ್ ಅಕಿಲೀಸನ ಸಮಾಧಿಗೂ ಹೆಫೆಸ್ಟಿಯನ್ ಪೆಟ್ರೋಕ್ಲಸನ ಸಮಾಧಿಗೂ ಗೌರವ ಸಲ್ಲಿಸಿದರೆಂಬ ವಾರ್ತೆಯನ್ನು ಅರಿಯನ್ ದಾಖಲಿಸುತ್ತಾನೆ. ಕ್ರಿ.ಪೂ. 324ರಲ್ಲಿ ಸೂಸಾ ನಗರದಲ್ಲಿ ಇಬ್ಬರೂ ಡೇರಿಯಸ್ ದೊರೆಯ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾದರು. ಹೆಫೆಸ್ಟಿಯನ್‌ನ ಮಕ್ಕಳು ತನ್ನ ಮಕ್ಕಳಿಗೆ ಬಂಧುಗಳಾಗಬೇಕೆಂಬುದು ಅಲೆಕ್ಸಾಂಡರನ ಇಚ್ಛೆಯಾಗಿತ್ತು. ಅದೇ ವರ್ಷ ಎಕ್ಬಟಾನದಲ್ಲಿ ಹೆಫೆಸ್ಟಿಯನ್ ಮರಣ ಹೊಂದಿದಾಗ ಅಲೆಕ್ಸಾಂಡರನ ದುಃಖ ಮೇರೆ ಮೀರಿತು. ಆ ದುಃಖದ ವಿವರಗಳು ಒಬ್ಬೊಬ್ಬ ಲೇಖಕನಲ್ಲಿ ಒಂದೊಂದು ಬಗೆಯಾಗಿವೆಯೆಂದೂ, ಬರೆದವರ ಒಲವು ಅಥವಾ ದ್ವೇಷಕ್ಕೆ ತಕ್ಕಂತೆ ಅವು ಬದಲಾಗಿವೆಯೆಂದೂ ಅರಿಯನ್ ಸೂಚಿಸುತ್ತಾನೆ. ರೆನಾಲ್ಟ್ ಈ ಸುಳಿವುಗಳನ್ನು ಒಟ್ಟುಗೂಡಿಸಿ ಇಬ್ಬರನ್ನೂ ಬಾಲ್ಯದಿಂದಲೇ ಪ್ರೇಮಿಗಳೆಂದು ಚಿತ್ರಿಸಿದರು. ಆದರೆ ದೈಹಿಕ ಸಂಬಂಧದ ವಿಷಯದಲ್ಲಿ ಮಿತವಾಗಿ, ಸೂಚ್ಯವಾಗಿ ಬರೆದರು.

ಬಗೋವಾಸ್: 'ದಿ ಪರ್ಷಿಯನ್ ಬಾಯ್' ಕಾದಂಬರಿಯ ನಿರೂಪಕ ಬಗೋವಾಸ್ ಐತಿಹಾಸಿಕ ವ್ಯಕ್ತಿ. ಮೊದಲು ಡೇರಿಯಸನಿಗೆ ಪ್ರಿಯನಾಗಿದ್ದ ಈ ಯುವ ನಪುಂಸಕ ಸೇವಕನು, ಡೇರಿಯಸನ ಕೊಲೆಯಾದ ಬಳಿಕ ನಬರ್ಜಾನಿಸ್ ಎಂಬ ಅಧಿಕಾರಿ ತಂದೊಪ್ಪಿಸಿದ ಕಾಣಿಕೆಗಳ ಜೊತೆಯಲ್ಲಿ ಅಲೆಕ್ಸಾಂಡರನನ್ನು ಸೇರಿದನೆಂದು ಕರ್ಟಿಯಸ್ ಹೇಳುತ್ತಾನೆ. ನೃತ್ಯಸ್ಪರ್ಧೆಯೊಂದರಲ್ಲಿ ಬಗೋವಾಸ್ ಗೆದ್ದಾಗ, ನೆರೆದ ಸೈನಿಕರ ಒತ್ತಾಯದ ಮೇರೆಗೆ ಅಲೆಕ್ಸಾಂಡರ್ ಅವನಿಗೆ ಮುತ್ತಿಟ್ಟನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ತನ್ನನ್ನು ಗೌರವಿಸದ ಆರ್ಕ್ಸಿನಿಸ್ ಎಂಬ ಪ್ರಾಂತಾಧಿಕಾರಿಯ ಮೇಲೆ ದೂರು ಹೇಳಿ ಅವನಿಗೆ ಮರಣದಂಡನೆ ಆಗುವಂತೆ ಮಾಡಿದ ಕುತಂತ್ರಿಯೆಂದೂ ಕರ್ಟಿಯಸ್ ಅವನನ್ನು ವರ್ಣಿಸುತ್ತಾನೆ. ಇಂಥ ಕೆಲವೇ ಪ್ರಸಂಗಗಳನ್ನು ಬಿಟ್ಟರೆ ಅವನ ಹುಟ್ಟು, ಮನೆತನ, ಕೊನೆಗಾಲಗಳು ಆಕರಗಳಲ್ಲಿ ಇಲ್ಲ.

ಬಗೋವಾಸ್ ಎಂಬುವನು ಇದ್ದನೇ ಎಂಬುದೇ ಇಪ್ಪತ್ತನೆಯ ಶತಮಾನದಲ್ಲಿ ವಿವಾದವಾಯಿತು. ಬ್ರಿಟಿಷ್ ಇತಿಹಾಸಕಾರ ಡಬ್ಲ್ಯು. ಡಬ್ಲ್ಯು. ಟಾರ್ನ್ 1948ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಅಲೆಕ್ಸಾಂಡರನ ಹೆಸರಿಗೆ ಮಸಿ ಬಳಿಯಲು ಹಗೆಗಳು ಹೆಣೆದ ಕಟ್ಟುಕಥೆ ಇದೆಂದು ವಾದಿಸಿದರು. 1958ರಲ್ಲಿ ಅರ್ನ್ಸ್ಟ್ ಬೇಡಿಯನ್ ಈ ವಾದವನ್ನು ಖಂಡಿಸಿ ಲೇಖನ ಬರೆದರು. ಬಗೋವಾಸನನ್ನು ಕಥೆಯಿಂದ ಹೊರಗಿಡಲು ಟಾರ್ನ್ ಅವರಿಗೆ ಆಧಾರವಾದದ್ದು ಆಕರಗಳ ಸಾಕ್ಷ್ಯವಲ್ಲ, ಅಲೆಕ್ಸಾಂಡರ್ ಹೇಗಿರಬೇಕೆಂಬ ಅವರ ಸ್ವಂತ ಕಲ್ಪನೆ ಎಂಬುದು ಆ ಲೇಖನದಿಂದ ಸ್ಪಷ್ಟವಾಯಿತು. ದಾಖಲೆಯಲ್ಲಿನ ಅಂತರಗಳನ್ನು ಕಾದಂಬರಿಕಾರರು ಮಾತ್ರ ತುಂಬುವುದಿಲ್ಲ, ಇತಿಹಾಸಕಾರರೂ ತಮ್ಮ ಕಾಲದ ನೈತಿಕ ನಂಬಿಕೆಗಳಿಂದ ಅವುಗಳನ್ನು ತುಂಬುತ್ತಾರೆ ಎಂಬುದಕ್ಕೆ ಈ ವಿವಾದ ಉದಾಹರಣೆಯಾಗಿದೆ.

ರೆನಾಲ್ಟ್ ಕರ್ಟಿಯಸನ ದಾಖಲೆಯನ್ನು ಕೈಬಿಡದೆ ಅದರ ಹಿಂದಿನ ಕಾರಣವನ್ನು ಕಲ್ಪಿಸಿದರು. ಕಾದಂಬರಿಯಲ್ಲಿ ಬಗೋವಾಸ್ ಕುಲೀನ ಮನೆತನದ ಹುಡುಗ. ಆರ್ಕ್ಸಿನಿಸನ ದ್ರೋಹದಿಂದ ಅವನ ತಂದೆ ಕೊಲೆಯಾಗುತ್ತಾನೆ. ಮಗ ಗುಲಾಮನಾಗಿ ಮಾರಾಟವಾಗಿ, ಎಳೆವಯಸ್ಸಿನಲ್ಲೇ ಪುರುಷತ್ವ ಕಳೆದುಕೊಳ್ಳುತ್ತಾನೆ. ಕರ್ಟಿಯಸನಲ್ಲಿ ವಿಲಾಸಿ ಸೇವಕನೊಬ್ಬನ ಸಣ್ಣತನವಾಗಿ ಕಾಣುವ ಕೃತ್ಯ ಇಲ್ಲಿ ತಂದೆಯ ಸಾವಿಗೆ ಮಗ ಕೇಳುವ ನ್ಯಾಯವಾಗುತ್ತದೆ. ಘಟನೆ ಅದೇ, ಆದರೆ ಅದನ್ನು ಹೇಳುವ ಅವಕಾಶ ಇತಿಹಾಸದಲ್ಲಿ ಒಂದು ಮಾತನ್ನೂ ಬಿಟ್ಟುಹೋಗದ ವ್ಯಕ್ತಿಗೆ ದೊರೆತಿದೆ. ಜಗತ್ತನ್ನು ಗೆದ್ದವನ ಕಥೆಯನ್ನು ಸೋತ ದೇಶದ ಗುಲಾಮನೊಬ್ಬ, ಪ್ರೀತಿಯಿಂದಲೂ ಹೆಫೆಸ್ಟಿಯನ್ ಬಗೆಗಿನ ಅಸೂಯೆಯಿಂದಲೂ, ಹೇಳುತ್ತಾನೆ.

1975ರಲ್ಲಿ ರೆನಾಲ್ಟ್ 'ದಿ ನೇಚರ್ ಆಫ್ ಅಲೆಕ್ಸಾಂಡರ್' ಎಂಬ ಜೀವನಚರಿತ್ರೆಯನ್ನೂ ಪ್ರಕಟಿಸಿದರು.

ವಿಮರ್ಶೆ

ರೆನಾಲ್ಟ್ ಅವರ ಅಲೆಕ್ಸಾಂಡರ್ ಅತಿಯಾಗಿ ಆದರ್ಶೀಕೃತನಾಗಿದ್ದಾನೆಂಬುದು ಮುಖ್ಯ ಆಕ್ಷೇಪ. ತಾಯಂದಿರ ಪಾತ್ರಗಳು ಅನೇಕ ಕಡೆ ಕಠೋರವಾಗಿವೆ, ಪುರುಷಲೋಕದ ಮೌಲ್ಯಗಳಿಗೇ ಮನ್ನಣೆ ದೊರೆತಿದೆ ಎಂಬ ಟೀಕೆಯೂ ಇದೆ. ಬಗೋವಾಸನಂಥ ಗುಲಾಮನ ಪ್ರೇಮದಲ್ಲಿ ಇಚ್ಛೆ ಎಷ್ಟು, ನಿರ್ಬಂಧ ಎಷ್ಟು ಎಂಬ ಪ್ರಶ್ನೆಗೆ ಕಾದಂಬರಿ ಪೂರ್ಣ ಉತ್ತರ ಕೊಡುವುದಿಲ್ಲ.

ಇನ್ನೊಂದು ಚರ್ಚೆ ಲೇಖಕಿಯ ಸ್ವಂತ ಬದುಕಿಗೆ ಸಂಬಂಧಿಸಿದ್ದು. ಮಹಿಳೆಯೊಬ್ಬರೊಂದಿಗೆ ಜೀವಮಾನವನ್ನೇ ಕಳೆದ ರೆನಾಲ್ಟ್, 1944ರ ನಂತರ ಮಹಿಳೆಯರ ನಡುವಣ ಪ್ರೇಮವನ್ನು ಕೇಂದ್ರವಾಗಿಸಿಕೊಂಡು ಕಾದಂಬರಿ ಬರೆಯಲಿಲ್ಲ. ಪುರುಷವೇಷದಲ್ಲಿ ಪ್ಲೇಟೊನ ಅಕಾಡೆಮಿಗೆ ಬಂದ ಆಕ್ಸಿಯೊತಿಯಾ ಎಂಬ ಐತಿಹಾಸಿಕ ಶಿಷ್ಯೆ 'ದಿ ಮಾಸ್ಕ್ ಆಫ್ ಅಪೊಲೊ' (1966) ಕಾದಂಬರಿಯಲ್ಲಿ ಕಿರುಪಾತ್ರವಾಗಿ ಬರುತ್ತಾಳೆ. ಗ್ರೀಕ್ ಆಕರಗಳು ಪುರುಷರ ಪ್ರೇಮದ ಬಗ್ಗೆ ಅರ್ಧ ಮಾತನಾಡಿದರೆ ಸ್ತ್ರೀಯರ ಪ್ರೇಮದ ಬಗ್ಗೆ ಬಹುಮಟ್ಟಿಗೆ ಮೌನವಾಗಿವೆ. ಸ್ಯಾಫೊ ಕವಯಿತ್ರಿಯ ಕಾವ್ಯದಲ್ಲಿಯೂ ಉಳಿದಿರುವುದು ಹೆಚ್ಚಾಗಿ ತುಣುಕುಗಳೇ. ಆ ಮೌನವನ್ನು ರೆನಾಲ್ಟ್ ತುಂಬಲು ಹೋಗಲಿಲ್ಲ.

1970ರ ದಶಕದ ಸಲಿಂಗಪ್ರೇಮಿಗಳ ಹಕ್ಕುಗಳ ಚಳವಳಿಯೊಂದಿಗೂ ಇವರು ಗುರುತಿಸಿಕೊಳ್ಳಲಿಲ್ಲ. ಮನುಷ್ಯರನ್ನು ಅವರ ಲೈಂಗಿಕತೆಯಿಂದ ವರ್ಗೀಕರಿಸುವುದು ಇವರಿಗೆ ಸರಿಯೆನಿಸುತ್ತಿರಲಿಲ್ಲ. ಆದರೂ ಆ ಚಳವಳಿಯ ಕಾಲದ ಅನೇಕ ಓದುಗರು ಇವರ ಕೃತಿಗಳಲ್ಲಿ ತಮ್ಮ ಬದುಕಿಗೂ ಒಂದು ಪೂರ್ವಪರಂಪರೆಯನ್ನು ಕಂಡುಕೊಂಡರು.

ಮರಣ ಮತ್ತು ಪ್ರಭಾವ

ರೆನಾಲ್ಟ್ ಅವರು 1983ರ ಡಿಸೆಂಬರ್ 13ರಂದು ಕೇಪ್‌ಟೌನ್‌ನಲ್ಲಿ ನಿಧನರಾದರು. ಖಾಸಗಿ ಬದುಕನ್ನು ಬಹಿರಂಗವಾಗಿ ಚರ್ಚಿಸದಿದ್ದ ಇವರ ಜೀವನದ ಅನೇಕ ವಿವರಗಳು, ಜೂಲಿ ಮುಲ್ಲಾರ್ಡ್ ಅವರ ನೆರವಿನಿಂದ ಡೇವಿಡ್ ಸ್ವೀಟ್‌ಮನ್ ಬರೆದು 1993ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯ ಮೂಲಕ ತಿಳಿದುಬಂದವು.

ಅಮೆರಿಕದ ವಿಮರ್ಶಕ ಡೇನಿಯಲ್ ಮೆಂಡೆಲ್ಸನ್ ಹದಿಹರೆಯದಲ್ಲಿ ರೆನಾಲ್ಟ್ ಅವರಿಗೆ ಪತ್ರ ಬರೆದು ಅವರೊಂದಿಗೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದ್ದರು. ತಮ್ಮನ್ನು ತಾವು ಅರಿತುಕೊಳ್ಳುವುದಕ್ಕೂ ಪ್ರಾಚೀನ ಸಾಹಿತ್ಯದ ವಿದ್ವಾಂಸರಾಗುವುದಕ್ಕೂ ಆ ಕಾದಂಬರಿಗಳು ದಾರಿಯಾದ ಬಗೆಯನ್ನು ಅವರು 2013ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದರು. 1970ರಲ್ಲಿ ಪ್ರಕಟವಾಗಿ, ನಿಯಮಗಳ ಬದಲಾವಣೆಯಿಂದ ಬೂಕರ್ ಪ್ರಶಸ್ತಿಯ ಪರಿಗಣನೆಗೆ ಬಾರದೆ ಉಳಿದ ಕೃತಿಗಳಿಗಾಗಿ 2010ರಲ್ಲಿ ಏರ್ಪಡಿಸಿದ ವಿಶೇಷ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ, ಬ್ರಿಟನ್ನಿನಲ್ಲಿ ಆ ವರ್ಷ ಹೊರಬಂದಿದ್ದ 'ಫೈರ್ ಫ್ರಮ್ ಹೆವನ್' ಸ್ಥಾನ ಪಡೆಯಿತು.

ರೋಮನ್ ಚಕ್ರವರ್ತಿ ಹೇಡ್ರಿಯನ್ ಮತ್ತು ಅವನ ಪ್ರಿಯ ಆಂಟಿನೋಸ್ ಕುರಿತು ಫ್ರೆಂಚ್ ಲೇಖಕಿ ಮಾರ್ಗರಿಟ್ ಯೂರ್ಸೆನಾರ್ 1951ರಲ್ಲಿ ಪ್ರಕಟಿಸಿದ ಕಾದಂಬರಿಯೊಂದಿಗೆ, ರೆನಾಲ್ಟ್ ಅವರ ಕೃತಿಗಳನ್ನು ಈ ಪ್ರಕಾರದ ಆರಂಭಿಕ ಮೈಲಿಗಲ್ಲುಗಳೆಂದು ಪರಿಗಣಿಸಬಹುದು. ಅಕಿಲೀಸ್ ಮತ್ತು ಪೆಟ್ರೋಕ್ಲಸರ ಪ್ರೇಮವನ್ನು ವಸ್ತುವಾಗಿಸಿಕೊಂಡು 2012ರ ಆರೆಂಜ್ ಪ್ರಶಸ್ತಿ ಪಡೆದ ಮೆಡಲಿನ್ ಮಿಲ್ಲರ್ ಅವರ 'ದಿ ಸಾಂಗ್ ಆಫ್ ಅಕಿಲೀಸ್' ಕೂಡ ಇದೇ ಸಾಲಿಗೆ ಸೇರುತ್ತದೆ.

ಪ್ರಮುಖ ಕೃತಿಗಳು

ಸಮಕಾಲೀನ ಕಾದಂಬರಿಗಳು
- ಪರ್ಪಸಸ್ ಆಫ್ ಲವ್ (1939)
- ಕೈಂಡ್ ಆರ್ ಹರ್ ಆನ್ಸರ್ಸ್ (1940)
- ದಿ ಫ್ರೆಂಡ್ಲಿ ಯಂಗ್ ಲೇಡೀಸ್ (1944)
- ರಿಟರ್ನ್ ಟು ನೈಟ್ (1947)
- ನಾರ್ತ್ ಫೇಸ್ (1948)
- ದಿ ಚಾರಿಯಟೀರ್ (1953)

ಐತಿಹಾಸಿಕ ಕಾದಂಬರಿಗಳು
- ದಿ ಲಾಸ್ಟ್ ಆಫ್ ದಿ ವೈನ್ (1956)
- ದಿ ಕಿಂಗ್ ಮಸ್ಟ್ ಡೈ (1958)
- ದಿ ಬುಲ್ ಫ್ರಮ್ ದಿ ಸೀ (1962)
- ದಿ ಮಾಸ್ಕ್ ಆಫ್ ಅಪೊಲೊ (1966)
- ಫೈರ್ ಫ್ರಮ್ ಹೆವನ್ (1969)
- ದಿ ಪರ್ಷಿಯನ್ ಬಾಯ್ (1972)
- ದಿ ಪ್ರೇಸ್ ಸಿಂಗರ್ (1978)
- ಫ್ಯೂನರಲ್ ಗೇಮ್ಸ್ (1981)

ಇತರ ಕೃತಿಗಳು
- ದಿ ಲಯನ್ ಇನ್ ದಿ ಗೇಟ್‌ವೇ (1964), ಗ್ರೀಕ್–ಪರ್ಷಿಯನ್ ಯುದ್ಧಗಳನ್ನು ಕುರಿತ ಮಕ್ಕಳ ಪುಸ್ತಕ
- ದಿ ನೇಚರ್ ಆಫ್ ಅಲೆಕ್ಸಾಂಡರ್ (1975), ಜೀವನಚರಿತ್ರೆ